ಮಗಳ ಕಾಲ್ಗುಣ ಮತ್ತು ಬೆಂಗಳೂರು ತಂಡ

ಬೆಂಗಳೂರು ತಂಡಕ್ಕೆ ಕಪ್ ಬಂದ ಮೇಲೆ ಅದರ ಅಭಿಮಾನಿಗಳಾದವರ ಮೇಲೆ ನನಗೆ ಗೌರವವಿಲ್ಲ. ಅವರು ಎಲೆ ಹಾಕಿದ ಮೇಲೆ ಬರುವ ನೆಂಟರು. ನಾನು ಹೇಳುತ್ತಿರುವುದು ಅದಕ್ಕೂ ಮುಂಚಿನ ಮಾತು. ಆಗ ಆ ತಂಡವನ್ನು ಪ್ರೀತಿಸುವುದೆಂದರೆ ಏಪ್ರಿಲ್‌ನಲ್ಲಿ ಆಸೆಪಟ್ಟು ಮೇ ತಿಂಗಳಲ್ಲಿ ಅಳುವುದು. ಸಿಂಗಪುರದ ಜುರಾಂಗ್ ವೆಸ್ಟಿನ ಹನ್ನೆರಡನೇ ಮಹಡಿಯ ನಮ್ಮ ಫ್ಲ್ಯಾಟಿನಲ್ಲಿ ಈ ವ್ರತವನ್ನು ನಾನೊಬ್ಬಳೇ ಹಿಡಿದಿದ್ದೆ. ನನ್ನ ಗಂಡ ಕ್ರಿಕೆಟ್ ಶುರುವಾದರೆ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚುತ್ತಾರೆ. ಅದರಿಂದ ಅಡುಗೆ ಆಗುತ್ತಿತ್ತು, ನಾನು ಸುಮ್ಮನಿದ್ದೆ.

ಮಗಳ ವಿಷಯ ಬೇರೆ. ಅವಳು ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ಸ್ಕೂಲಿನಲ್ಲಿ ಕನ್ನಡವಿಲ್ಲ, ಅವಳ ಪಾಲಿಗೆ ಬಂದ ‘ಮಾತೃಭಾಷೆ’ ಪಾಠ ಹಿಂದಿ. ಕನ್ನಡದಲ್ಲಿ ಜಗಳ ಆಡುತ್ತಾಳೆ, ಕೊನೆಗೆ ಇಲ್ಲಿಯವರ ಹಾಗೆ ಒಂದು ‘ಲಾ’ ಅಂಟಿಸುತ್ತಾಳೆ. ಹಾಡು, ಹಸೆ, ಹಬ್ಬದ ಕ್ರಮ ಇವೆಲ್ಲ ನನಗೇ ನೆಟ್ಟಗೆ ಬರುವುದಿಲ್ಲ, ಅವಳಿಗೇನು ಕಲಿಸಲಿ? ನನ್ನ ಹತ್ತಿರ ಕಲಬೆರಕೆಯಿಲ್ಲದೆ ಉಳಿದದ್ದು ಈ ತಂಡ ಒಂದೇ. ಅವಳು ಸೋಫಾದಲ್ಲಿ ನನ್ನ ಪಕ್ಕ ಕೂತು ನನ್ನಷ್ಟೇ ಹೊಟ್ಟೆ ಉರಿಸಿಕೊಳ್ಳಬೇಕು ಅನ್ನುವುದು ನನ್ನ ಆಸೆ. ರಾತ್ರಿಯ ಪಂದ್ಯಗಳು ಇಲ್ಲಿ ಶುರುವಾಗುವಷ್ಟರಲ್ಲಿ ಅವಳು ಮಲಗಬೇಕು. ಹಾಗಾಗಿ ನಮ್ಮಿಬ್ಬರಿಗೆ ಸಿಗುವುದು ಭಾನುವಾರ ಸಂಜೆ ಆರಕ್ಕೆ ಬರುವ ಪಂದ್ಯಗಳು, ಅವೂ ಬೆರಳೆಣಿಕೆಯಷ್ಟು.

ಮೊದಲು ಎಲ್ಲ ಸರಿಯಾಗಿಯೇ ಇತ್ತು. ಆರು ವರ್ಷಕ್ಕೇ ಕೆಂಪು ಜೆರ್ಸಿ ತರಿಸಿಕೊಟ್ಟೆ. ಅವಳು ಅದನ್ನು ಹಾಕಿಕೊಂಡು ಕೂತು, “ಅಮ್ಮ, ಇವ್ರು ಯಾಕೆ ಯಾವಾಗ್ಲೂ ಸೋಲ್ತಾರೆ?” ಅಂತ ಕೇಳಿದಳು. ದೊಡ್ಡ ದೊಡ್ಡ ಕೋಚುಗಳೇ ಉತ್ತರ ಹೇಳಲಾಗದ ಪ್ರಶ್ನೆ ಅದು. ಮಗು ಸರಿದಾರಿಯಲ್ಲಿದೆ ಅಂದುಕೊಂಡೆ.

ಕೆಡಿಸಿದ್ದು ಪಕ್ಕದ ಬ್ಲಾಕಿನ ಅಂಕಲ್. ಅಂಕಲ್ ಅನ್ನುವುದು ಮಗಳು. ನಮ್ಮ ಮನೆಯಲ್ಲಿ ಅವರಿಗೆ ಅದೇ ಹೆಸರಾಗಿಬಿಟ್ಟಿದೆ. ಧಾರವಾಡದ ಕಡೆಯವರು, ಹೆಂಡತಿಗೆ ಕ್ರಿಕೆಟ್ ಆಗದು ಅಂತ ಪಂದ್ಯಕ್ಕೆ ನಮ್ಮನೆಗೆ ಬರುತ್ತಾರೆ. ರಾಫೆಲ್ಸ್ ಪ್ಲೇಸಿನ ಬ್ಯಾಂಕೊಂದರಲ್ಲಿ ರಿಸ್ಕ್ ಲೆಕ್ಕ ಹಾಕುವುದು ಅವರ ಕೆಲಸ. ಒಂದು ಭಾನುವಾರ ನಮ್ಮವರು ಚೆನ್ನಾಗಿ ಆಡುತ್ತಿದ್ದಾಗ ಮಗಳು ರೂಮಿನಿಂದ ಹಾಲ್‌ಗೆ ಬಂದಳು, ವಿಕೆಟ್ ಬಿತ್ತು. ನೀರು ಕುಡಿದು ಮತ್ತೆ ಬಂದಳು, ಇನ್ನೊಂದು ಬಿತ್ತು. ಬಿಸ್ಕತ್ತು ತಗೊಂಡು ಮೂರನೇ ಸಲ ಬಂದಾಗ ನಾಯಕನೇ ಔಟಾದ. ಅಂಕಲ್ ಅವಳ ಪಾದವನ್ನೇ ನೋಡುತ್ತಾ, “ಈ ಕೂಸಿನ ಕಾಲ್ಗುಣ ಯಾಕೋ ಸರಿ ಇಲ್ಲ ನೋಡ್ರಿ” ಅಂದರು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತ ನಾನು ಅಲ್ಲೇ ಹೇಳಬೇಕಿತ್ತು. ಆದರೆ ನಾನು ಬೆಳೆದ ಮನೆಯೂ ಅಂಥದ್ದೇ. ಬಸವನಗುಡಿಯಲ್ಲಿ ಅಪ್ಪ ಪಂದ್ಯ ನೋಡುವಾಗ ಒಳ್ಳೆಯ ಜೊತೆಯಾಟ ನಡೆಯುತ್ತಿದ್ದರೆ ಯಾರೂ ಕೂತ ಜಾಗ ಬಿಟ್ಟು ಏಳುವಂತಿರಲಿಲ್ಲ. ನಮ್ಮ ಸೋದರತ್ತೆ ಒಮ್ಮೆ ಸ್ನಾನ ಮುಗಿಸಿ ಒದ್ದೆ ತಲೆಯಲ್ಲಿ ಬಚ್ಚಲು ಬಾಗಿಲಲ್ಲೇ ನಿಂತು ಒಂದು ಶತಕ ಮುಗಿಸಿಕೊಟ್ಟಿದ್ದರು. ದೇವರ ಮನೆಗೂ ಇಲ್ಲದ ಮಡಿ ಟೀವಿಗೆ ಇತ್ತು. ಹಾಗಾಗಿ ಮಗಳಿಗೆ ನಾನು, “ಪುಟ್ಟ, ಎರಡು ಓವರ್ ರೂಮಲ್ಲೇ ಇರು” ಅಂದೆ. ಅವಳು ಹೋದಳು, ನಮ್ಮವರು ಗೆದ್ದರು. ಅಂಕಲ್ ಇನ್ನೊಂದು ಪ್ಲೇಟ್ ಅವಲಕ್ಕಿ ಹಾಕಿಸಿಕೊಂಡರು.

ಆವತ್ತು ಊಟಕ್ಕೆ ಕೂತಾಗ, “ಕಾಲ್ಗುಣ ಅಂದ್ರೆ ಏನು?” ಅಂತ ಕೇಳಿದಳು. ಕೆಲವರು ಮನೆಯೊಳಗೆ ಕಾಲಿಟ್ಟರೆ ಒಳ್ಳೆಯದಾಗುತ್ತೆ, ಕೆಲವರು ಇಟ್ಟರೆ ಆಗಲ್ಲ ಅಂತ ಹಿಂದಿನವರು ನಂಬುತ್ತಿದ್ದರು ಅಂತ ನನ್ನ ಗಂಡ ವಿವರಿಸಿದರು. ಅವಳು ಅನ್ನ ಕಲಸುತ್ತಾ ಹ್ಞೂಂ ಅಂದಳು.

ಅಲ್ಲಿಂದಾಚೆಗೆ ಪಂದ್ಯದ ಸಂಜೆ ಅವಳು ಮನೆಯಲ್ಲಿ ಇರುವುದು ನಿಂತೇಹೋಯಿತು. ಒಮ್ಮೆ ಫ್ರೆಂಡ್ ಮನೆ, ಒಮ್ಮೆ ನೆಟ್‌ಬಾಲ್, ಒಮ್ಮೆ ಲೈಬ್ರರಿ. “ಬಾರೇ, ಇವತ್ತು ಮ್ಯಾಚಿದೆ” ಅಂದರೆ, “ಬೋರಿಂಗ್ ಲಾ, ಅಮ್ಮ” ಅನ್ನುತ್ತಿದ್ದಳು. ಹೀಗೇ ಎರಡು ವರ್ಷ ಕಳೆಯಿತು. ಜೆರ್ಸಿಯೂ ಕಣ್ಣಿಗೆ ಬೀಳುತ್ತಿರಲಿಲ್ಲ. ಇಲ್ಲಿಯ ಮಗು, ಇಲ್ಲಿಯ ಆಟ, ಹೋಗಲಿ ಅಂತ ಬಾಯಲ್ಲಿ ಹೇಳಿಕೊಂಡೆ. ಒಳಗೆ ಮಾತ್ರ ಬೇಜಾರಾಗಿತ್ತು, ಬಹಳ ಬೇಜಾರಾಗಿತ್ತು. ಸೋತಾಗ ಒಬ್ಬಳೇ ಅಳುವುದಕ್ಕೆ ಮಕ್ಕಳು ಯಾಕೆ ಬೇಕು?

ಆ ವರ್ಷದ ಕೊನೆಯ ಲೀಗ್ ಪಂದ್ಯ ಭಾನುವಾರ ಸಂಜೆಯೇ ಬಂತು. ಗೆದ್ದರೆ ಮುಂದಕ್ಕೆ, ಸೋತರೆ ಗಂಟುಮೂಟೆ. ಅರ್ಧ ಆಟ ಮುಗಿದಾಗ ಮೊಸರಿಲ್ಲ ಅಂತ ಅಡುಗೆಮನೆಯಿಂದ ಕೂಗು ಬಂತು. ಆ ಬಿಡುವಿನಲ್ಲಿ ತಂದುಬಿಡೋಣ ಅಂತ ಲಿಫ್ಟ್ ಇಳಿದೆ.

ಕೆಳಗೆ ವಾಯ್ಡ್ ಡೆಕ್‌ನಲ್ಲಿ, ಅಂದರೆ ಬ್ಲಾಕಿನ ಅಡಿಯ ಖಾಲಿ ಜಾಗದಲ್ಲಿ, ಚೆಸ್ ಮನೆ ಬರೆದ ಕಲ್ಲಿನ ಮೇಜಿನ ಮುಂದೆ ಮಗಳು ಒಬ್ಬಳೇ ಕೂತಿದ್ದಳು. ಫ್ರೆಂಡ್ ಮನೆಗೆ ಹೋಗುತ್ತೇನೆ ಅಂದಿದ್ದವಳು. ಸ್ಕೂಲಿನ ಟೀ ಶರ್ಟಿನ ಕೆಳಗೆ ಕೆಂಪು ಅಂಚು ಕಾಣುತ್ತಿತ್ತು. ಆರು ವರ್ಷದವಳಿಗೆ ತರಿಸಿದ ಜೆರ್ಸಿ, ಒಂಬತ್ತು ದಾಟಿದವಳ ಮೈಗೆ ಬಿಗಿದುಕೊಂಡಿತ್ತು.

ನನ್ನನ್ನು ಕಂಡು ಗಾಬರಿಯಾಗಿ, “ನೀನ್ ಯಾಕ್ ಬಂದೆ? ಸೆಕೆಂಡ್ ಇನ್ನಿಂಗ್ಸ್ ಸ್ಟಾರ್ಟ್ ಆಗತ್ತೆ, ಮೇಲ್ ಹೋಗು” ಅಂದಳು.

“ನೀನ್ ಇಲ್ಲೇನ್ ಮಾಡ್ತಿದೀಯ?”

“ನಾನ್ ಮನೇಲಿದ್ರೆ ಸೋಲ್ತಾರಲ್ಲ.”

“ಇಷ್ಟು ದಿನಾನೂ ಇಲ್ಲೇ ಕೂತಿದ್ಯಾ?”

“ಡೈಲಿ ಅಲ್ಲ. ನೈಟ್ ಮ್ಯಾಚ್‌ಗೆ ರೂಮಲ್ಲೇ ಮಲಗಿದ್ರೆ ಸಾಕು. ಬೆಳಿಗ್ಗೆ ಎದ್ದು ಸ್ಕೋರ್ ನೋಡ್ತೀನಿ. ಆಗ ಮುಗಿದೋಗಿರತ್ತೆ ಅಲ್ವಾ, ನೋಡಿದ್ರೂ ಏನಾಗಲ್ಲ.”

ನಾನು, ಅಂಕಲ್ ಇಬ್ಬರೂ ಮೇಲೆ ಫ್ಯಾನಿನ ಕೆಳಗೆ ಅವಲಕ್ಕಿ ತಿನ್ನುತ್ತಾ ಅಭಿಮಾನಿಗಳು ಅನ್ನಿಸಿಕೊಂಡಿದ್ದೆವು. ಒಂದು ಬಾಲನ್ನೂ ನೋಡದೆ ಸೊಳ್ಳೆ ಕಚ್ಚಿಸಿಕೊಂಡು ತಂಡವನ್ನು ಹೊತ್ತಿದ್ದವಳು ಇವಳು. ಅಂಕಲ್ ಮೇಲೆ ಸಿಟ್ಟು ಬಂತು. ಅವರ ಮಾತಿಗೆ ತಲೆಯಾಡಿಸಿದ ನನ್ನ ಮೇಲೂ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮವರಿಗೆ ಬ್ಯಾಟು ಹಿಡಿಯಲು ಬಾರದ್ದಕ್ಕೆ ನಾವು ಮಗುವಿನ ಕಾಲು ನೋಡಿದ್ದೆವು.

“ನಡಿ ಮೇಲೆ” ಅಂದೆ.

“ಬೇಡಮ್ಮ. ಸೋತ್ರೆ ನೀನ್ ಅಳ್ತೀಯ.”

“ಅಳ್ತೀನಿ. ನನ್ ಪಕ್ಕ ಕೂತ್ಕೊಂಡು ನೀನೂ ಅಳು.”

ಮೊಸರು ಅಂಗಡಿಯಲ್ಲೇ ಉಳಿಯಿತು. ಅವಳು ಬಾಗಿಲಲ್ಲಿ ಕಣ್ಣು ಮುಚ್ಚಿಕೊಂಡು ನನ್ನ ಕೈ ಹಿಡಿದು ಒಳಗೆ ಬಂದಳು. ಅಂಕಲ್ ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿದರು. ಮೊದಲ ಬಾಲೇ ಫೋರ್ ಹೋಯಿತು. ಮಗಳು ಒಂದು ಕಣ್ಣು ಬಿಟ್ಟಳು. ಆಮೇಲೆ ನಮ್ಮವರು ತಮ್ಮ ಸಂಪ್ರದಾಯ ಮುರಿಯಲಿಲ್ಲ. ಒಬ್ಬ ಬೌಲ್ಡ್, ಒಬ್ಬ ರನೌಟು, ನಾಲ್ಕನೇ ನಂಬರಿನವನು ಬಂದ ಬಾಲಿಗೇ ಎತ್ತಿ ಬಾರಿಸಲು ಹೋಗಿ ಕ್ಯಾಚು. ಎರಡು ಓವರ್ ಬಾಕಿ ಇರುವಾಗಲೇ ಎಲ್ಲರೂ ಔಟಾಗಿ ಆಟ ಮುಗಿದುಹೋಯಿತು.

ಮಗಳು ದಿಂಬಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. ತಾಯಿಯಾದವಳು ಹೇಳಬಾರದು, ಆದರೂ ಹೇಳುತ್ತೇನೆ: ನನಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ. ನಾನೂ ಅಳುತ್ತಿದ್ದೆ. ನನ್ನ ಗಂಡ ಸೌಟು ಹಿಡಿದು ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿ ಒಳಗೆ ಹೋದರು. ಅಂಕಲ್ ಚಪ್ಪಲಿ ಹುಡುಕತೊಡಗಿದರು.

ಮಗಳು ಏನು ಹೇಳುತ್ತಾಳೋ ಅಂತ ನನಗೆ ಭಯವಿತ್ತು. ಅವಳು ಎದ್ದು ಕೂತು ಜೆರ್ಸಿಯ ಅಂಚಿನಲ್ಲಿ ಮೂಗು ಒರೆಸಿಕೊಂಡಳು.

“ಅಮ್ಮ, ಆ ನಂಬರ್ ಫೋರ್‌ನ ಯಾಕ್ ಪ್ರತಿ ಸಲ ಇಳಿಸ್ತಾರೆ? ಅವ್ನಿಗೆ ಆಡಕ್ಕೇ ಬರಲ್ಲ.”