'ನಾರ್ಮಲ್' ಎನ್ನದ ಭೀಮಾಬಾಯಿ

ಬೆಳಗಿನ ಐದೂವರೆ. ಚೆನ್ನೈನ ವಡಪಳನಿಯ ಸಿನಿಮಾ ಸ್ಟುಡಿಯೋ ಗೇಟಿನ ಎದುರು, ಟೀ ಅಂಗಡಿಯ ಬೆಂಚಿನ ಮೇಲೆ ಭೀಮಾಬಾಯಿ ಬಿ.ಪಿ. ನೋಡುವ ಡಬ್ಬಿ ಬಿಚ್ಚುತ್ತಾರೆ. ಲೈಟ್‌ಮನ್‌ಗಳು, ಬಡಗಿಗಳು, ಡ್ರೈವರ್‌ಗಳು ಒಬ್ಬೊಬ್ಬರಾಗಿ ತೋಳು ಚಾಚುತ್ತಾರೆ. ಬಹುಪಾಲು ನಲವತ್ತು ದಾಟಿದ ಗಂಡಸರು. ಪಾದರಸ ಏರಿ ಇಳಿಯುತ್ತದೆ.

"ನೂರಾ ಇಪ್ಪತ್ತೆಂಟು, ಎಂಬತ್ತು. ಗುಳಿಗಿ ಕೆಲಸಾ ಮಾಡಾಕತ್ತೈತಿ, ಬಿಡಬ್ಯಾಡ," ಅನ್ನುತ್ತಾರೆ. ಅಪ್ಪಿತಪ್ಪಿಯೂ 'ನಾರ್ಮಲ್' ಅನ್ನುವುದಿಲ್ಲ.

ಆ ಮಾತು ಬಿಟ್ಟು ಮೂರು ವರ್ಷವಾಯಿತು. ಗದಗಿನ ಕಡೆಯ ಈ ಹೆಣ್ಣುಮಗಳು ರೈಲ್ವೆ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ನರ್ಸ್ ಆಗಿದ್ದವರು. ಇವರ ತಮ್ಮ ಭೋಜರಾಜ ಇದೇ ಸ್ಟುಡಿಯೋದಲ್ಲಿ ಲೈಟ್‌ಮನ್ ಆಗಿದ್ದ. 2001ರಲ್ಲಿ ಅವನಿಗೆ ನಲವತ್ತೇಳು. ಮಾತ್ರೆ ಶುರುವಾದ ಎರಡು ತಿಂಗಳಿಗೆ ಬಿ.ಪಿ. ನೋಡಿ, ಖುಷಿಯಲ್ಲಿ ಇವರೇ "ನಾರ್ಮಲ್ ಆಗೇತಿ ನೋಡೋ" ಅಂದರು. ಪುಣ್ಯಾತ್ಮ, ರೋಗವೇ ಹೋಯಿತು ಅಂದುಕೊಂಡು ಮಾತ್ರೆಗಳನ್ನು ಟ್ರಂಕಿಗೆ ಹಾಕಿಬಿಟ್ಟ! ತಲೆನೋವಿಲ್ಲ, ಸುಸ್ತಿಲ್ಲ, ಬಿ.ಪಿ. ಮತ್ತೆ ಏರಿದ್ದು ಮೈಗೆ ಗೊತ್ತೇ ಆಗಲಿಲ್ಲ. ಐದನೇ ತಿಂಗಳು ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು.

"ಗುಳಿಗಿಯಿಂದ ಇಳದೈತಿ, ಬಿಟ್ರ ಮತ್ತ ಏರತೈತಿ. ಇಷ್ಟು ಹೇಳಾಕ ನನಗೇನ್ ಧಾಡಿ ಆಗಿತ್ತು?" ಅನ್ನುತ್ತಾ ತೋಳಿನ ಪಟ್ಟಿಯನ್ನು ಸುಮ್ಮನೆ ಸುತ್ತಿ ಬಿಚ್ಚುತ್ತಾರೆ.

ದಿನಕ್ಕೆ ಮೂವತ್ತು ತೋಳು. ಇವತ್ತಿನ ಹನ್ನೊಂದನೆಯದು ಮಂಡ್ಯದ ಮೋಹನ್ ಅವರದು. ವಯಸ್ಸು ನಲವತ್ತಾರು, ಅಟ್ಟಣಿಗೆ ಹತ್ತಿ ದೀಪ ಕಟ್ಟುವ ಕೆಲಸ. ಬಿ.ಪಿ. ನೂರಾ ಎಂಬತ್ತು, ನೂರಾ ಹತ್ತು. ಭೀಮಾಬಾಯಿ ಐದು ನಿಮಿಷ ಕೂರಿಸಿ ಮತ್ತೆ ನೋಡುತ್ತಾರೆ. ಅಷ್ಟೇ ಇದೆ.

"ಗುಳಿಗಿ?"

"ಬಿಟ್ಟು ಹದಿನೈದು ದಿನ ಆಯ್ತಕ್ಕ. ಹೋದ ಸಲ ಸರಿ ಇತ್ತಲ್ಲ! ಒಣ್ಣುಮಿಲ್ಲೆ, ನಂಗೇನೂ ಆಗ್ತಿಲ್ಲ."

"ಭೋಜಗೂ ಏನೂ ಆಗ್ತಿದ್ದಿಲ್ಲೋ ಮಾರಾಯ! ಇವತ್ತು ಮ್ಯಾಲೆ ಹತ್ತಬ್ಯಾಡ. ಈಗ ಡಾಕ್ಟರ್ ಕಡೆ ನಡಿ, ನಾನೂ ಬರ್ತೀನಿ."

ಗೇಟಿನೊಳಗಿಂದ ಯಾರೋ ಮೋಹನ್ ಹೆಸರು ಕೂಗುತ್ತಾರೆ. "ಸಾಯಂಕಾಲ ಹೋಗ್ತೀನಕ್ಕ, ನಿಮ್ಮಾಣೆ," ಅಂದವರೇ ತೋಳಿನ ಬಟ್ಟೆ ಇಳಿಸಿಕೊಂಡು ಒಳಗೆ ನಡೆಯುತ್ತಾರೆ. ಭೀಮಾಬಾಯಿ ಗೇಟಿನವರೆಗೆ ಓಡುತ್ತಾರೆ. ವಾಚ್‌ಮನ್ ಒಳಗೆ ಬಿಡುವುದಿಲ್ಲ.

"ಹೇಳಿ ಹೇಳಿ ಗಂಟಲು ಹರಕೊಂಡೆ. ಮೂವತ್ತರಾಗ ಹತ್ತು ಮಂದಿ ಹಿಂಗ. ಒಬ್ಬರನ್ನಾದ್ರೂ ಉಳಿಸೀನೋ ಇಲ್ಲೋ, ನನಗ ಗೊತ್ತಿಲ್ಲ," ಅನ್ನುವಾಗ ಅವರಿಗೆ ಅಳು ತಡೆಯಲಾಗುವುದಿಲ್ಲ.

ಎಂಟು ಗಂಟೆಗೆ ಮನೆ. ಭೋಜರಾಜನಿಗೆ ಗಂಜಿ ಕುಡಿಸಿ, ಮಾತ್ರೆ ಕೊಟ್ಟು, ಎಡತೋಳಿಗೆ ಪಟ್ಟಿ ಕಟ್ಟುತ್ತಾರೆ. ನೂರಾ ಇಪ್ಪತ್ತು, ಎಂಬತ್ತು. ಮೂರು ವರ್ಷದಿಂದ ಹೆಚ್ಚುಕಡಿಮೆ ಇಷ್ಟೇ. ಎಷ್ಟು ಎಂಬಂತೆ ಅವನು ಹುಬ್ಬೇರಿಸುತ್ತಾನೆ. ಅಕ್ಕ ಅಂಕಿ ಹೇಳುತ್ತಾರೆ, ಅಷ್ಟೇ.

ಏನಾದರೂ ಆಸೆ ಇದೆಯೇ ಅಂದರೆ ತಮ್ಮನ ಬಾಯಿ ಒರೆಸುತ್ತಾ ಹೇಳುತ್ತಾರೆ: "ಇವ ಒಮ್ಮೆ ನನ್ನ ಬಾಯಿತುಂಬ ಬೈಬೇಕ್ರಿ. 'ಅಕ್ಕಾ, ನೀ ಯಾಕ ಹೇಳಲಿಲ್ಲ' ಅಂತ. ಅಷ್ಟಾದ್ರ ಸಾಕು."