ಜೋಡಿ ಫೈಲಿನ ನರ್ಸಮ್ಮ

ನರ್ಸಮ್ಮನ ಬಲಗೈ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ಚಿಕ್ಕಂದಿನಲ್ಲಿ ಒನಕೆಗೆ ಸಿಕ್ಕಿತ್ತಂತೆ. ಏನು ಓದಿದರೂ ಆ ಬೆರಳನ್ನು ಅಕ್ಷರದ ಕೆಳಗೆ ಎಳೆಯುತ್ತ ಗಟ್ಟಿಯಾಗಿ ಓದುವರು. ಕಾನ್ವೆಂಟಿನಲ್ಲಿ ಹಾಗೆ ಓದಿದರೆ ನಮಗೆ ಸ್ಕೇಲಿನ ಏಟು ಬೀಳುತ್ತಿತ್ತು. ಅವರ ಪಕ್ಕ ಕೂತಾಗೆಲ್ಲ ನನಗೆ ಒಳಗೊಳಗೇ ಚಡಪಡಿಕೆ.

ಎಪ್ಪತ್ತರ ದಶಕದ ಕೊನೆಯ ಮಾತು. ತರೀಕೆರೆಯ ನಮ್ಮ ಬೀದಿಯಲ್ಲಿ ಲೇಡಿ ಡಾಕ್ಟರೊಬ್ಬರ ಹೆರಿಗೆ ಆಸ್ಪತ್ರೆ ಇತ್ತು. ನನ್ನ ಮಗಳನ್ನು ಎತ್ತಿಕೊಂಡ ಮೊದಲ ಕೈ ಈ ನರ್ಸಮ್ಮನದೇ. ನನ್ನ ಬರಹ ಚೆನ್ನಾಗಿದೆಯೆಂದು, ಮಗು ಮಲಗಿದ ಮಧ್ಯಾಹ್ನಗಳಲ್ಲಿ ಫೈಲಿನ ಕೆಲಸಕ್ಕೆ ಕರೆಯುತ್ತಿದ್ದರು.

ಫೈಲಿನ ಗೋಜಲು ಹೀಗಿತ್ತು. ಚೊಚ್ಚಲ ಹೆರಿಗೆಗೆ ತವರಿನವರು ಕರೆತರುವರು. ಹೆಸರು ಕೇಳಿದರೆ ಮನೆಯಲ್ಲಿ ಕರೆಯುವಂತೆ ಪುಟ್ಟಮ್ಮ, ಚಿಕ್ಕಮ್ಮಣ್ಣಿ ಎಂದು ಬರೆಸುವರು. ಮುಂದಿನ ಸಲ ಅದೇ ಹೆಂಗಸನ್ನು ಅತ್ತೆ ಕರೆತಂದು ವಿಶಾಲಾಕ್ಷಿ, ಸರೋಜಮ್ಮ ಎನ್ನುವರು. ಒಬ್ಬಳಿಗೆ ಎರಡು ಫೈಲು. ಎಲ್ಲವನ್ನೂ ಒಂದು ಮಾಡಿ ಎಂದರು ಡಾಕ್ಟರು. ಎಲ್ಲರ ಮುಖವನ್ನೂ ನೆನಪಿಟ್ಟಿದ್ದ ನರ್ಸಮ್ಮ ಒಂದು ನೋಟುಬುಕ್ಕಿನಲ್ಲಿ ತವರಿನ ಹೆಸರು, ಇನ್ನೊಂದರಲ್ಲಿ ಅದೇ ಸಾಲಿಗೆ ಅತ್ತೆಮನೆಯ ಹೆಸರು ಬರೆದರು. ಅದರಿಂದೊಂದು ಇದರಿಂದೊಂದು ಹೆಸರು ಓದಿ, ಆ ಎರಡು ಫೈಲು ಕಟ್ಟಿ, ಆಮೇಲೆ ಮುಂದಿನದು. ಪ್ರತಿ ಸಲವೂ ಗಟ್ಟಿಯಾಗಿ ಓದಬೇಕು.

ಇದೇನು ಮಗ್ಗಿಯೇ ಎಂದು ನನಗೆ ರೇಗಿತು. ಅವರು ವಾರ್ಡಿಗೆ ಹೋದ ಒಂದು ಮಧ್ಯಾಹ್ನ ಫೈಲುಗಳನ್ನು ಪಟ್ಟಿಯ ಪ್ರಕಾರ ಎರಡು ಸಾಲು ಮಾಡಿ, ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಎಂದು ಸರಸರನೆ ಕಟ್ಟಿಬಿಟ್ಟೆ. ನಡುವೆ ಒಬ್ಬಳು ಸೋದರಮಾವನನ್ನೇ ಮದುವೆಯಾಗಿದ್ದಳು. ಎರಡೂ ಕಡೆ ಒಂದೇ ಹೆಸರು, ಒಂದೇ ಫೈಲು. ಎರಡನೇ ಪಟ್ಟಿಯಲ್ಲಿ ಅವಳ ಜಾಗಕ್ಕೆ ನರ್ಸಮ್ಮ ಬರೀ ಗೆರೆ ಎಳೆದಿದ್ದರು. ಗೆರೆಗೆ ಫೈಲು ಎಲ್ಲಿಂದ ತರುವುದು? ಅದನ್ನು ದಾಟಿ ಅವಳ ಫೈಲಿಗೆ ಮುಂದಿನವಳದನ್ನೇ ಕಟ್ಟಿಬಿಟ್ಟೆ. ಕೊನೆಗೆ ಒಂದು ಫೈಲು ಒಂಟಿಯಾಗಿ ಉಳಿಯಿತು. ಒಂದು ಒಂಟಿ ಇದೆಯೆಂದು ಗೊತ್ತಿತ್ತಲ್ಲ, ಇದೇ ಇರಬೇಕೆಂದು ತೆರೆದೂ ನೋಡಲಿಲ್ಲ.

ವಾರದೊಳಗೆ ಎಮ್ಮೆದೊಡ್ಡಿ ಕಡೆಯ ಒಬ್ಬಳು ನೋವು ತಿನ್ನುತ್ತ ಬಂದಳು. ಡಾಕ್ಟರು ಫೈಲು ನೋಡಿ, ಮೊದಲ ಹೆರಿಗೆ ಸಲೀಸಾಗಿದೆ, ಕಾಯೋಣ ಎಂದು ಒಳಗೆ ಹೋದರು. ಸೀರೆ ಸರಿಸಿದ ನರ್ಸಮ್ಮನಿಗೆ ಹೊಟ್ಟೆಯ ಮೇಲೆ ಹಿಂದಿನ ಹೆರಿಗೆಯ ಆಪರೇಷನ್ನಿನ ಹೊಲಿಗೆ ಕಂಡಿತು. ಅಂಥವಳನ್ನು ಕಾಯಿಸುವಂತಿರಲಿಲ್ಲ. ಆಗಲೇ ಟ್ಯಾಕ್ಸಿ ಹಿಡಿದು ಶಿವಮೊಗ್ಗಕ್ಕೆ ಸಾಗಿಸಿದರು. ತಾಯಿ ಮಗು ಉಳಿದರು.

ಮರುದಿನ ಡಾಕ್ಟರು, ಅವಳ ಫೈಲಿಗೆ ಬೇರೊಬ್ಬಳದನ್ನು ಕಟ್ಟಿದ್ದ ಆ ಜೋಡಿಯನ್ನು ಮೇಜಿನ ಮೇಲೆ ಎಸೆದು, ಯಾರು ಕಟ್ಟಿದ್ದೆಂದು ಕೇಳಿದರು. ನಾನು ಬಾಗಿಲಲ್ಲೇ ನಿಂತಿದ್ದೆ.

"ನಾನೇ ಡಾಕ್ಟ್ರೇ. ಸಾಲು ತಪ್ಪೋಯ್ತು" ಎಂದರು ನರ್ಸಮ್ಮ.

ಫೈಲುಗಳ ಬೀರುವಿನ ಬೀಗದ ಕೈ ಅವತ್ತೇ ಅವರ ಸೊಂಟದಿಂದ ಹೊಸ ಹುಡುಗಿಯ ಕೈಗೆ ಹೋಯಿತು. ಅವಳು ಬೀರು ತೆರೆದುಕೊಟ್ಟಾಗ ಕೂತು, ಕಟ್ಟಿದ್ದನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಲು ನಮಗೆ ನಾಲ್ಕು ಮಧ್ಯಾಹ್ನ ಹಿಡಿಯಿತು. ದಾರ ಬಿಚ್ಚಿ ಬಿಚ್ಚಿ ಉಗುರು ಸೀಳಿ, ನನ್ನ ಮೇಲೇ ನನಗೆ ಸಿಟ್ಟು. ನರ್ಸಮ್ಮ ಬೈಯಲಿಲ್ಲ. "ಇಲ್ದೋಳ ಜಾಗ ಖಾಲಿ ಬಿಡ್ಬೇಕು ಕಣಮ್ಮ. ಮುಚ್ಚಿದ್ರೆ ಪಕ್ಕದೋಳು ಬಂದು ಕೂತ್ಕೋತಾಳೆ" ಎಂದರು ಅಷ್ಟೇ.

ಡಾಕ್ಟರಿಗೆ ನಿಜ ಹೇಳಿಬಿಡುತ್ತೇನೆ ಎಂದೆ.

"ಹೇಳಿದ್ರೆ ನಿಮ್ಮನ್ನ ಒಳಗೇ ಬಿಡಲ್ಲ. ಇನ್ನೂ ಅರ್ಧ ಬೀರು ಉಳ್ದೈತೆ, ಯಾರು, ನಿಮ್ಮತ್ತೆ ಬಂದು ಬರೀತಾರಾ?"

ನಕ್ಕುಬಿಟ್ಟೆ. ಆ ನಗುವಿನಲ್ಲೇ ಸುಮ್ಮನಾಗಿಬಿಟ್ಟೆ.

ಕೆಲಸ ಬಿಟ್ಟ ಮೇಲೆ ಅವರು ಅಜ್ಜಂಪುರದ ತಮ್ಮನ ಮನೆ ಸೇರಿದರು. ಕೆಲವೇ ವರ್ಷಕ್ಕೆ ತೀರಿಕೊಂಡರು. ಹನ್ನೊಂದನೇ ದಿನದ ಊಟಕ್ಕೆ ಹೋದಾಗ ಪಂಕ್ತಿಯಲ್ಲಿ ಡಾಕ್ಟರು ನನ್ನ ಪಕ್ಕದಲ್ಲೇ ಕೂತಿದ್ದರು. ಒಳ್ಳೆಯ ಕೈ, ಕೊನೆಕೊನೆಗೆ ಪಾಪ ಕಣ್ಣು ಮಂಜಾಗಿತ್ತು, ಫೈಲು ಕೊಡಲು ಭಯವಾಗುತ್ತಿತ್ತು ಎಂದರು. ಆಗ ನಾನು ಎಲ್ಲವನ್ನೂ ಹೇಳಿದೆ. ಅವರು ಕಲಸಿದ ಅನ್ನವನ್ನು ಹಾಗೇ ಬಿಟ್ಟು ನನ್ನನ್ನೇ ನೋಡಿದರು.

"ಬೀಗದ ಕೈ ಕಿತ್ಕೊಂಡಾಗ ಆಕೆ ಒಂದು ಮಾತೂ ಆಡ್ಲಿಲ್ಲ ಕಣ್ರೀ" ಎಂದರು. "ಅದನ್ನ ಈಗ ನಾನು ಯಾರಿಗೆ ವಾಪಸ್ ಕೊಡ್ಲಿ?"