ಆರ್ಲಿಸ್ ಒತ್ತಿದ ಸೊನ್ನೆ

ಒಂದು ಕಾಲೇಜಿನ ಮಾನ ಮರ್ಯಾದೆ ಒಂದು ಸೊನ್ನೆಯ ಮೇಲೆ ನಿಂತಿದೆ ಎಂದರೆ ಹೊರಗಿನವರು ನಂಬಲಿಕ್ಕಿಲ್ಲ. ಅಯೋವಾ ರಾಜ್ಯದ ವಿಂಕೆಲ್ ಊರಿನಲ್ಲಿ ಮಾತ್ರ ಈ ಚಳಿಗಾಲ ಹಂದಿಯ ಧಾರಣೆಯನ್ನೂ ಹೊಸ ಪಾದ್ರಿಯ ಮುಗಿಯದ ಪ್ರವಚನವನ್ನೂ ಹಿಂದೆ ಹಾಕಿ ಊರಿನ ಬಾಯಲ್ಲಿ ಮೊದಲ ಸ್ಥಾನ ಹಿಡಿದಿರುವುದು ಅದೇ. ಸೊನ್ನೆ ಇರುವುದು ವಿಂಕೆಲ್ ಕಾಲೇಜಿನ ಕ್ರೀಡಾಂಗಣದ ಪಡಸಾಲೆಯಲ್ಲಿ, ಆಳೆತ್ತರದ ಗಾಜಿನ ಪರದೆಯ ಮೇಲೆ. ಅದನ್ನು ಅಲ್ಲಿ ಕೂರಿಸಿದವರು ಆರ್ಲಿಸ್ ಟೆರ್ಪ್‌ಸ್ಟ್ರ. ಎಬ್ಬಿಸಲಾಗದೆ ಒದ್ದಾಡುತ್ತಿರುವವರೂ ಅವರೇ.

ಶನಿವಾರ, ಇನ್ನೂ ಬೆಳಕು ಹರಿದಿಲ್ಲ. ಕ್ರೀಡಾಂಗಣದ ನೆಲಮಾಳಿಗೆಯಲ್ಲಿ ಒಗೆಯುವ ಯಂತ್ರಗಳು ಗುಡುಗುತ್ತಿವೆ. ಆರ್ಲಿಸ್ ಬೆವರಿನ ಅಂಗಿಗಳನ್ನು ಒಳಮಗ್ಗುಲು ಹೊರಗೆ ಮಾಡಿ ಯಂತ್ರಕ್ಕೆ ತುರುಕುತ್ತಾರೆ, ಗುಂಡಿ ಒತ್ತುತ್ತಾರೆ, ಮೆಟ್ಟಿಲು ಹತ್ತಿ ಪಡಸಾಲೆಗೆ ಬಂದು ಪರದೆಯನ್ನು ದುರುಗುಟ್ಟಿ ನೋಡುತ್ತಾರೆ, ಮತ್ತೆ ಇಳಿಯುತ್ತಾರೆ. ಕಾಲುಚೀಲಗಳ ಜೋಡಿ ಹುಡುಕುತ್ತ ಹುಡುಕುತ್ತ ಅರ್ಧಕ್ಕೆ ಬಿಟ್ಟು ಮತ್ತೆ ಹತ್ತುತ್ತಾರೆ. ಒಂದು ಮಂಡಿಯ ಚಿಪ್ಪು ಬದಲಾಗಿದೆ, ಇನ್ನೊಂದು ಸರದಿಗೆ ಕಾಯುತ್ತಿದೆ. ಮೆಟ್ಟಿಲಿಗಾದರೂ ಕನಿಕರ ಬರಬೇಕು.

"ಕೂತ್ರೆ ಯೋಚನೆ ಬರುತ್ತೆ. ನಡೀತಾ ಇದ್ರೂ ಬರುತ್ತೆ ಅನ್ನಿ, ಆದ್ರೆ ಕಾಲಿಗೆ ಏನೋ ಕೆಲ್ಸ ಇರುತ್ತಲ್ಲ" ಎನ್ನುತ್ತಾರೆ. ಕೈಗೆ ಬಿಸಿ ಕಾಫಿ ಬಂದರೆ ಅದನ್ನು ಎಲ್ಲಿ ಇಟ್ಟೆವೆಂದು ಮರೆತು ಇನ್ನೊಂದು ಬಗ್ಗಿಸಿಕೊಳ್ಳುತ್ತಾರೆ. ಕಟ್ಟಡದ ಮೂಲೆಮೂಲೆಯಲ್ಲೂ ಅವರ ಆರಿದ ಕಾಫಿ ಸಿಗುತ್ತದೆ.

ಅರವತ್ತೆರಡು ವರ್ಷದ ಆರ್ಲಿಸ್ ಇಲ್ಲಿನ ಸಾಮಾನು ಕೋಣೆಯ ಮೇಲ್ವಿಚಾರಕಿ. ಹೆಸರಷ್ಟೇ ದೊಡ್ಡದು. ಕಾಲೇಜಿನ ಎಲ್ಲ ತಂಡಗಳ ಬಟ್ಟೆ ಒಗೆಯುವುದು, ಚೆಂಡಿಗೆ ಗಾಳಿ ತುಂಬುವುದು, ಹರಿದದ್ದಕ್ಕೆ ಹೊಲಿಗೆ ಹಾಕುವುದು ಕೆಲಸ. ಬ್ಲೀಚಿನ ನೀರಿಗೆ ಬೆರಳ ಸಂದು ಬಿರಿದು ಚಳಿಗಾಲದಲ್ಲಿ ರಕ್ತ ಜಿನುಗುತ್ತದೆ. ಕ್ರೀಡಾ ವಿಭಾಗದಲ್ಲಿ ಪ್ರಚಾರ ನೋಡಿಕೊಳ್ಳುತ್ತಿದ್ದ ಯುವಕ ಕೆಲಸ ಬಿಟ್ಟು ಹೋದಾಗ ಅವನ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಅವನ ಕೀಲಿಕೈ ಗೊಂಚಲನ್ನು ಆರ್ಲಿಸ್ ಕೈಗೆ ಕೊಟ್ಟರು. ಅದರ ಜೊತೆಗೇ ಬಂತು 'ಗೋಡೆ'.

ಗೋಡೆ ಎಂದರೆ ಕಾಲೇಜಿನ ಕ್ರೀಡಾ ಹಾಲ್ ಆಫ್ ಫೇಮ್, ಹೆಸರು ಮಾಡಿದ ಹಳೆಯ ಆಟಗಾರರ ಚಿತ್ರಗಳ ಸಾಲು. ಊರಿನ ಹಳೆಯ ಮನೆತನಗಳಿಗೆಲ್ಲ ಅದರ ಮೇಲೊಬ್ಬ ಅಜ್ಜ, ಇಲ್ಲವೆ ಚಿಕ್ಕಪ್ಪ ಇದ್ದೇ ಇರುತ್ತಾನೆ. ಮೂವತ್ತು ಮೈಲಿಯಾಚೆಯ ಎದುರಾಳಿ ಕಾಲೇಜಿನವರು ಮುಟ್ಟಿದರೆ ಮಾತಾಡುವ ಪರದೆ ತರಿಸಿದರೆಂಬ ಸುದ್ದಿ ಬಂದ ಮೇಲೆ ವಿಂಕೆಲ್‌ನವರೂ ಹಟಕ್ಕೆ ಬಿದ್ದು ತರಿಸಿದರು. ಅಲ್ಲಿಯವರೆಗೆ ಆ ಚಿತ್ರಗಳಿದ್ದ ಮರದ ಫಲಕಗಳು ನೆಲಮಾಳಿಗೆಗಿಳಿದು ಸಾಬೂನು ಪುಡಿಯ ಡಬ್ಬಗಳ ಪಕ್ಕ ಸೇರಿದವು. ಈಗಲೂ ಒಬ್ಬೊಬ್ಬ ಮುದುಕರು ಬಂದು, "ಆರ್ಲಿಸ್, ಅಪ್ಪನ್ನ ಒಂಚೂರು ನೋಡ್ಲಾ?" ಎಂದು ಕೇಳುತ್ತಾರೆ. ಅವರು ಟೋಪಿ ತೆಗೆದು ಡಬ್ಬಗಳ ನಡುವೆ ನಿಂತಿರುವಷ್ಟು ಹೊತ್ತು ಆರ್ಲಿಸ್ ಯಂತ್ರ ನಿಲ್ಲಿಸುತ್ತಾರೆ.

ಪರದೆ ತಂದದ್ದು ಚಂದಕ್ಕಲ್ಲ. ಇಂಥ ಸಣ್ಣ ಕಾಲೇಜುಗಳಿಗೆ ಅರ್ಧಕ್ಕರ್ಧ ಮಕ್ಕಳು ಬರುವುದೇ ಆಟದ ಆಸೆಯಿಂದ. ಆಡಲು ಬಂದವರು ಫೀಸು ಕಟ್ಟಿ ಓದುತ್ತಾರೆ, ಕಾಲೇಜಿನ ದೀಪ ಉರಿಯುತ್ತದೆ. ಆದ್ದರಿಂದ ಶನಿವಾರ ಶನಿವಾರ ಶಾಲೆ ಮುಗಿಸುವ ಹಂತದ ಆಟಗಾರರನ್ನು ಅಪ್ಪ ಅಮ್ಮನ ಸಮೇತ ಕರೆಸಿ, ತಿನ್ನಿಸಿ, ಸುತ್ತಾಡಿಸಿ, ಗೋಡೆಯ ಮುಂದೆ ನಿಲ್ಲಿಸುತ್ತಾರೆ. ಹುಡುಗಿಯರು ನಿಂತು ನೋಡಿ, "ಇಲ್ಲಿ ಹುಡ್ಗೀರು ಆಡೇ ಇಲ್ವಾ?" ಎಂದು ಕೇಳತೊಡಗಿದಾಗ ಕ್ರೀಡಾ ನಿರ್ದೇಶಕ ಕ್ರೇಗ್ ಮುಲ್ಡರ್‌ಗೆ ಜ್ಞಾನೋದಯವಾಯಿತು. ಗೋಡೆಯ ಮೇಲೆ ಬರೀ ಗಂಡಸರು. ಹೆಂಗಸರನ್ನು ಸೇರಿಸಿ ಎಂದು ಆರ್ಲಿಸ್‌ಗೆ ಹೇಳಿದರು.

ಗೋಡೆಗೆ ಹೆಸರು ಆರಿಸುವ ಸಮಿತಿ ಒಮ್ಮತದಿಂದ ಮೊದಲು ಆರಿಸಿದ್ದು ಹರ್ಮೀನಾ ವೋಸ್ ಅವರನ್ನು. ಊರಿಗೆಲ್ಲ ಮಿನಿ ವೋಸ್. ಎಂಬತ್ತಾರು ವರ್ಷ, ಕೈಯಲ್ಲಿ ಊರುಗೋಲು, ನಾಲಿಗೆ ಇನ್ನೂ ಊರುಗೋಲು ಕೇಳಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ ಸೋಲನ್ನೇ ಮರೆತಿದ್ದಾಗ ಅದರ ಗಾರ್ಡ್ ಆಗಿದ್ದವರು. ಆರ್ಲಿಸ್ ಪರದೆಯೊಳಗೆ ಅವರ ಭಾವಚಿತ್ರ ಹಾಕಿದರು, ಹೆಸರು ಹಾಕಿದರು, ವರ್ಷ ಹಾಕಿದರು. ಕೊನೆಯ ಖಾನೆ 'ಗಳಿಸಿದ ಅಂಕ'. ಖಾಲಿ ಬಿಟ್ಟರೆ ಪುಟವೇ ಮಾಯವಾಗುತ್ತಿತ್ತು. ಸೊನ್ನೆ ಒತ್ತಿದರು, ನಿಂತಿತು. ಮನೆಗೆ ಹೋಗಿ ನೆಮ್ಮದಿಯಾಗಿ ನಿದ್ದೆ ಮಾಡಿದರು.

"ನಂಗೆ ಅದು ತಪ್ಪು ಅಂತ ಅನ್ನಿಸ್ಲೇ ಇಲ್ಲ ಕಣ್ರಿ. ಗಾರ್ಡಿಗೆ ಸೊನ್ನೆ ಅಲ್ದೆ ಇನ್ನೇನಿರುತ್ತೆ?"

ಅಯೋವಾದ ಹೆಂಗಸರಿಗೆ ಮಾತ್ರ ಆಗಬಹುದಾದ ತಪ್ಪು ಇದು. ಇಲ್ಲಿ ತಲೆಮಾರುಗಳ ಕಾಲ ಹುಡುಗಿಯರು ಆಡಿದ್ದು ಆರು ಜನರ ಆಟ. ಅಂಗಣದ ನಟ್ಟನಡುವೆ ಒಂದು ಗೆರೆ. ಮೂವರು ಆ ಕಡೆ, ಚೆಂಡನ್ನು ಬುಟ್ಟಿಗೆ ಹಾಕುವವರು. ಮೂವರು ಈ ಕಡೆ, ಎದುರಾಳಿಯನ್ನು ತಡೆಯುವ ಗಾರ್ಡುಗಳು. ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ಪುಟಿಸುವಂತಿಲ್ಲ, ಗೆರೆ ಯಾರೂ ದಾಟುವಂತಿಲ್ಲ. ಗಾರ್ಡ್ ಆದವಳು ಚೆಂಡು ಕಿತ್ತು ಗೆರೆಯಾಚೆ ಎಸೆದು, ಸೊಂಟದ ಮೇಲೆ ಕೈಯಿಟ್ಟು, ಮಿಕ್ಕವರು ಅಂಕ ಗಳಿಸುವುದನ್ನು ನೋಡಬೇಕು. ಆಡಿದಷ್ಟು ವರ್ಷವೂ ಅವಳ ಗಳಿಕೆ ಸೊನ್ನೆ.

ಆರ್ಲಿಸ್ ಕೂಡ ಶಾಲೆಯಲ್ಲಿ ಗಾರ್ಡ್. ವಿಂಕೆಲ್ ಕಾಲೇಜಿಗೆ ಆಡಬೇಕೆಂದು ಬಂದರೆ, ಅಷ್ಟರಲ್ಲಿ ಕಾಲೇಜಿನವರು ಎಲ್ಲರಂತೆ, ಐವರೂ ಬುಟ್ಟಿಗೆ ಎಸೆಯಬೇಕಾದ ಐದು ಜನರ ಆಟಕ್ಕೆ ಬದಲಾಗಿದ್ದರು. ಆಗಿನ ತರಬೇತುದಾರ ಒಂದು ಸಲ ಚೆಂಡು ಎಸೆಯಲು ಹೇಳಿ ನೋಡಿದ. "'ಬುಟ್ಟಿ ಮುಖಾನೇ ನೋಡದವಳನ್ನ ಕಟ್ಕೊಂಡು ನಾನೇನ್ ಮಾಡ್ಲಮ್ಮ' ಅಂದ. ಸರಿಯಾಗೇ ಹೇಳ್ದ ಪಾಪ. ನಾನು ಎಸ್ದಿದ್ದು ಗಡಿಯಾರಕ್ಕೆ ಬಡೀತು" ಎಂದು ಆರ್ಲಿಸ್ ನಗುತ್ತಾರೆ. ಆಡಲು ಸಿಗದ ತಂಡದ ಬಟ್ಟೆ ಒಗೆಯಲು ಸಿಕ್ಕಿತು. ಅಂದಿನಿಂದ ಇಲ್ಲಿಯವರೆಗೆ ಮಹಿಳಾ ತಂಡದ ಒಂದು ಪಂದ್ಯವನ್ನೂ ಅವರು ತಪ್ಪಿಸಿಲ್ಲ, ಒಂದನ್ನೂ ಕೂತು ನೋಡಿಲ್ಲ.

ನವೆಂಬರಿನಲ್ಲಿ ಬಂದ ಒಬ್ಬ ಹುಡುಗಿ ಪರದೆಯ ಮುಂದೆ ನಿಂತು ಕಿಸಕ್ಕನೆ ನಕ್ಕಳು. ಸೊನ್ನೆಯ ಚಿತ್ರ ತೆಗೆದು, 'ಇಲ್ಲಿ ಸೊನ್ನೆ ಸುತ್ತಿದರೂ ಗೋಡೆ ಹತ್ತಬಹುದು' ಎಂದು ಬರೆದು ಫೋನಿನಲ್ಲಿ ಹರಿಯಬಿಟ್ಟು, ಎದುರಾಳಿ ಕಾಲೇಜಿಗೆ ಸೇರಿಕೊಂಡಳು. ಬರಬೇಕಿದ್ದ ಮತ್ತಿಬ್ಬರು ಬರಲೇ ಇಲ್ಲ. ಮೇ ತಿಂಗಳೊಳಗೆ ಹನ್ನೆರಡು ಆಟಗಾರ್ತಿಯರು ಆಗದಿದ್ದರೆ ಮುಂದಿನ ವರ್ಷ ಮಹಿಳಾ ತಂಡವೇ ಇಲ್ಲ ಎಂದು ಆಡಳಿತ ಮಂಡಳಿ ಹೇಳಿಬಿಟ್ಟಿದೆ. ಈಗ ಇರುವುದು ಹನ್ನೊಂದು. ಹನ್ನೆರಡನೆಯವಳಾಗಬಲ್ಲ ಟೀಗನ್ ರೂಸ್, ಬಾಗಿಲು ದಾಟಲು ಬಗ್ಗಬೇಕಾದಷ್ಟು ಎತ್ತರದ ಹುಡುಗಿ, ಇವತ್ತು ಅಪ್ಪನ ಜೊತೆ ಬರುತ್ತಿದ್ದಾಳೆ.

ಹಾಗಾದರೆ ಸೊನ್ನೆಯನ್ನು ತಿದ್ದಬಾರದೇ? ಪರದೆಯ ಕಂಪನಿಯವರು ಆ ಖಾನೆ ತೆಗೆಯಲು ಬೇಸಿಗೆಯವರೆಗೆ ಕಾಯಿರಿ ಎಂದಿದ್ದಾರೆ. ಬೇರೆ ಯಾವುದಾದರೂ ಅಂಕಿ ಹಾಕೋಣವೆಂದರೆ ಅದು ಸುಳ್ಳಾಗುತ್ತದೆ. ಕ್ರೇಗ್ ಮುಲ್ಡರ್ ಚರ್ಚಿನ ಹಿರಿಯರಲ್ಲೊಬ್ಬರು. ಮಿನಿ ಅವರನ್ನೇ ಗೋಡೆಯಿಂದ ಇಳಿಸೋಣವೆಂದರೆ ವಿಂಕೆಲ್‌ನಲ್ಲಿ ಗೋಡೆಯಿಂದ ಯಾರನ್ನೂ ಇಳಿಸಿದ ದಾಖಲೆಯಿಲ್ಲ. ಒಂದು ವಾರ ಪ್ರಾರ್ಥನೆ ಮಾಡಿ ಕ್ರೇಗ್ ದಾರಿ ಕಂಡುಕೊಂಡರು. ಸುಳ್ಳು ಅಂಕ ಹಾಕುವುದು ಬೇಡ, ನಿಜವಾದ ಅಂಕವನ್ನೇ ಗಳಿಸಿದರಾಯಿತು. ಈ ಶನಿವಾರದ ಮಹಿಳಾ ಪಂದ್ಯದ ವಿರಾಮದಲ್ಲಿ, ಎಲ್ಲರೆದುರು, ಮಿನಿ ವೋಸ್ ಕೈಯಿಂದ ಒಂದು ಚೆಂಡು ಬುಟ್ಟಿಗೆ ಹಾಕಿಸುವುದು.

"ಒಂದೇ ಒಂದು ಬುಟ್ಟಿ, ಆರ್ಲಿಸ್. ಎರಡು ಅಂಕ. ಆಮೇಲೆ ನೀವು ಧೈರ್ಯವಾಗಿ ಎರಡು ಅಂತ ಒತ್ತಿ" ಎನ್ನುತ್ತಾರೆ ಕ್ರೇಗ್, ಬೆಳಿಗ್ಗೆ ಸಾಮಾನು ಕೋಣೆಗೆ ಇಳಿದು ಬಂದು.

"ಎಂಬತ್ತಾರು ವರ್ಷದೋರಿಗೆ ಹತ್ತಡಿ ಎತ್ತರದ ಬುಟ್ಟಿ ಎಟುಕುತ್ತೇನಪ್ಪ?"

"ಚರ್ಚಿನ ಸಂಡೇ ಸ್ಕೂಲಿನ ಮಕ್ಕಳ ಗಿಡ್ಡ ಬುಟ್ಟಿ ಇದೆಯಲ್ಲ, ಅದನ್ನ ತಂದು ನಡುಗೆರೆ ಪಕ್ಕದಲ್ಲೇ ನಿಲ್ಲಿಸಿ. ಬೈಬಲ್ಲಿನಲ್ಲಿ ಬುಟ್ಟಿ ಎತ್ತರ ಇಷ್ಟೇ ಇರ್ಬೇಕು ಅಂತ ಎಲ್ಲೂ ಇಲ್ಲ."

"ಕ್ರೇಗ್, ನೀನು ಇಲ್ಲಿ ಓದುವಾಗ ನಿನ್ನ ಕಾಲುಚೀಲ ಒಗ್ದೋಳು ನಾನು. ಆಗ್ಲೂ ನೀನು ಅಡ್ಡದಾರೀನೇ ಹುಡುಕ್ತಿದ್ದೆ" ಎಂದು ಆರ್ಲಿಸ್ ಗೊಣಗುತ್ತಾರೆ. ಆದರೂ ಮಕ್ಕಳ ಬುಟ್ಟಿಯನ್ನು ತಮ್ಮ ಪಿಕಪ್ ಗಾಡಿಯಲ್ಲಿ ಹಾಕಿಕೊಂಡು ತರುತ್ತಾರೆ. ಚೆಂಡಿನ ಗಾಳಿ ಸ್ವಲ್ಪ ಇಳಿಸುತ್ತಾರೆ. ಮತ್ತೆ ತುಂಬುತ್ತಾರೆ. ಮತ್ತೆ ಇಳಿಸುತ್ತಾರೆ.

ಹನ್ನೊಂದಕ್ಕೆ ಟೀಗನ್ ಬರುತ್ತಾಳೆ. ಪರದೆಯತ್ತ ಕತ್ತೆತ್ತಿಯೂ ನೋಡದೆ ಫೋನ್ ಒತ್ತುತ್ತ ನಡೆದುಬಿಡುತ್ತಾಳೆ. ಮಕ್ಕಳು ಗೋಡೆ ನೋಡುವುದಿಲ್ಲ, ಅಪ್ಪಂದಿರು ನೋಡುತ್ತಾರೆ. ಮಿಸ್ಟರ್ ರೂಸ್ ಪರದೆ ಮುಟ್ಟಿ ಮುಟ್ಟಿ ಒಂದೊಂದೇ ಮುಖ ನೋಡಿ, ಮಿನಿ ವೋಸ್ ಬಳಿ ನಿಂತು, ಕನ್ನಡಕ ಏರಿಸಿ, ಸೊನ್ನೆ ಓದಿ, ಏನೂ ಮಾತಾಡದೆ ಮುಂದೆ ಹೋಗುತ್ತಾರೆ. ಕಂಬದ ಹಿಂದೆ ಟವೆಲ್ ಮಡಿಸುತ್ತ ನಿಂತಿದ್ದ ಆರ್ಲಿಸ್ ಅದೇ ಟವೆಲನ್ನು ನಾಲ್ಕು ಸಲ ಮಡಿಸುತ್ತಾರೆ. "ಬೈದಿದ್ರೆ ವಾಸಿ ಇತ್ತು. ನಮ್ಮೂರ ಕಡೆಯೋರು ಸುಮ್ನಿದ್ರೆ ಏನ್ ಅರ್ಥ ಅಂತ ನಂಗೊತ್ತು."

ಮಧ್ಯಾಹ್ನದ ಪಂದ್ಯದಲ್ಲಿ ವಿರಾಮದ ಗಂಟೆ ಹೊಡೆಯುತ್ತದೆ. ಧ್ವನಿವರ್ಧಕ ಮಿನಿ ವೋಸ್ ಹೆಸರು ಕೂಗುತ್ತದೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಆರ್ಲಿಸ್ ಒಂದು ಕೈಯಲ್ಲಿ ಚೆಂಡು, ಇನ್ನೊಂದು ಕೈಯಲ್ಲಿ ಮಿನಿಯವರ ಮೊಳಕೈ ಹಿಡಿದು ಅಂಗಣಕ್ಕಿಳಿಯುತ್ತಾರೆ. ನಡುಗೆರೆಯಾಚೆ ಮಕ್ಕಳ ಬುಟ್ಟಿ. ಅದರ ಪಕ್ಕ ಕ್ರೇಗ್, ಬನ್ನಿ ಬನ್ನಿ ಎಂದು ಕೈಬೀಸುತ್ತ. ಗೆರೆಯ ಹತ್ತಿರ ಬಂದ ಮಿನಿ ಗಕ್ಕನೆ ನಿಲ್ಲುತ್ತಾರೆ.

"ಏನಾಯ್ತು ಮಿಸೆಸ್ ವೋಸ್? ತಲೆ ಸುತ್ತುತ್ತಾ?"

"ಗೆರೆ."

"ಈಗ ಆ ನಿಯಮ ಇಲ್ಲ. ದಾಟ್ಬಹುದು."

"ನೀನು ದಾಟು ನೋಡೋಣ."

ಆರ್ಲಿಸ್ ಕೆಳಗೆ ನೋಡುತ್ತಾರೆ. ಅವರ ಬೂಟಿನ ತುದಿಯೂ ಗೆರೆಗಿಂತ ಹಿಂದೆಯೇ ಇದೆ. ದಿನಕ್ಕೆ ಹತ್ತು ಸಲ ಬಟ್ಟೆಯ ಗಾಡಿ ತಳ್ಳಿಕೊಂಡು ಆ ಗೆರೆ ತುಳಿಯುವವರು, ಚೆಂಡು ಕೈಗೆ ಬಂದೊಡನೆ ನಿಂತುಬಿಟ್ಟಿದ್ದಾರೆ. "ಮಿನಿ, ಎರಡೇ ಹೆಜ್ಜೆ!" ಎಂದು ಕ್ರೇಗ್ ಆಚೆಯಿಂದ ಕೂಗುತ್ತಾರೆ.

"ಕ್ರೇಗ್ ಮುಲ್ಡರ್, ನಿಮ್ಮಪ್ಪನೂ ಹೀಗೇ. ಮಕ್ಕಳ ಬುಟ್ಟಿಗೆ ಚೆಂಡು ಹಾಕಿಸಿ ನನ್ನ ಮಾನ ಉಳಿಸ್ತೀಯೇನೋ?" ಮಿನಿ ಊರುಗೋಲನ್ನು ಆರ್ಲಿಸ್ ಕೈಗೆ ಕೊಟ್ಟು ಚೆಂಡು ಇಸಿದುಕೊಂಡು ಮೊದಲ ಸಾಲಿನತ್ತ ತಿರುಗುತ್ತಾರೆ. "ಏ ಉದ್ದದ ಹುಡುಗಿ, ಹೌದು ನೀನೇ. ಬಾ ಇಲ್ಲಿ. ನನ್ನ ದಾಟಿ ಹೋಗು ನೋಡ್ತೀನಿ."

ಟೀಗನ್ ಅಪ್ಪನ ಮುಖ ನೋಡುತ್ತಾಳೆ. ಅಪ್ಪ ಭುಜ ಕುಣಿಸುತ್ತಾರೆ. ಹುಡುಗಿ ಸಂಕೋಚದಿಂದ ಅಂಗಣಕ್ಕಿಳಿದು ಮಿನಿ ಕೊಟ್ಟ ಚೆಂಡು ಹಿಡಿಯುತ್ತಾಳೆ. ಎದುರಿಗೆ ಮಿನಿ, ಅವಳ ಎದೆಮಟ್ಟಕ್ಕೂ ಬಾರದವರು, ಮಂಡಿ ಬಗ್ಗಿಸಿ ಎರಡೂ ಕೈ ಚಾಚಿದ್ದಾರೆ. ಟೀಗನ್ ಅಜ್ಜಿಗೆ ಎಲ್ಲಿ ತಾಗೀತೋ ಎಂದು ಮೆಲ್ಲಗೆ ಬಲಕ್ಕೆ ಸರಿಯುತ್ತಾಳೆ, ಮಿನಿ ಅಲ್ಲಿದ್ದಾರೆ. ಎಡಕ್ಕೆ, ಅಲ್ಲೂ ಇದ್ದಾರೆ. ಚೆಂಡು ಒಮ್ಮೆ ಪುಟಿಯುತ್ತದೆ, ಇನ್ನೊಮ್ಮೆ ಪುಟಿಯುತ್ತದೆ, ಹುಡುಗಿ ಯೋಚಿಸುತ್ತ ಮತ್ತೊಮ್ಮೆ ಪುಟಿಸುತ್ತಾಳೆ.

"ಮೂರು!"

ಕೂಗಿದ್ದು ಮಿನಿ ಅಲ್ಲ. ಗ್ಯಾಲರಿಯ ಬಿಳಿತಲೆಗಳು. ಕಸೂತಿ ಚೀಲ ಮಡಿಲಲ್ಲಿಟ್ಟುಕೊಂಡು ಮೊಮ್ಮಕ್ಕಳ ಆಟ ನೋಡಲು ಬಂದಿದ್ದ, ಎರಡೇ ಸಲ ಪುಟಿಸುತ್ತಿದ್ದ ಕಾಲದ ಹೆಂಗಸರು, ಒಬ್ಬರನ್ನೊಬ್ಬರು ಕೇಳದೆ, ಒಂದೇ ಉಸಿರಿಗೆ ಕೂಗಿದ್ದಾರೆ. ಎಲ್ಲರಿಗಿಂತ ಜೋರಾಗಿ, ಊರುಗೋಲು ಮೇಲೆತ್ತಿ, ಆರ್ಲಿಸ್.

ಟೀಗನ್ ತಬ್ಬಿಬ್ಬಾಗಿ ಚೆಂಡು ಕೊಟ್ಟುಬಿಡುತ್ತಾಳೆ. ಮಿನಿ ಅದನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಗೆರೆಯಾಚೆಗೆ ಎಸೆಯುತ್ತಾರೆ. ಕ್ರೇಗ್ ಹಿಡಿಯುತ್ತಾರೆ. ಹಿಡಿದು ಏನು ಮಾಡಬೇಕೆಂದು ತಿಳಿಯದೆ ಹಾಗೇ ನಿಲ್ಲುತ್ತಾರೆ.

"ಒಂದ್ಸಲಾನೂ ಬುಟ್ಟಿಗೆ ಹಾಕಿಲ್ವಾ ನೀವು? ಬೇಜಾರಾಗ್ತಿರ್ಲಿಲ್ವಾ?" ಟೀಗನ್ ಕೇಳುತ್ತಾಳೆ.

"ಆಗ್ತಿತ್ತು. ಈಗ್ಲೂ ಆಗುತ್ತೆ" ಎನ್ನುತ್ತಾರೆ ಮಿನಿ, ಏದುಸಿರು ಬಿಡುತ್ತ. "ನನ್ನೆದುರು ಆಡಿದೋಳಿಗೂ ಆಗ್ತಿತ್ತು, ಕೇಳು ಬೇಕಾದ್ರೆ. ಮೂರನೇ ಸಾಲಲ್ಲಿ ಕೂತಿದ್ದಾಳೆ, ಹಸಿರು ಸ್ವೆಟರು. ಅವತ್ತಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ." ಹಸಿರು ಸ್ವೆಟರಿನವರು ಮುಖ ತಿರುಗಿಸುತ್ತಾರೆ.

ಸಂಜೆ ಅಂಗಣ ಖಾಲಿಯಾದ ಮೇಲೆ ಆರ್ಲಿಸ್ ಬೆವರಿನ ಅಂಗಿಗಳನ್ನು ಗಾಡಿಗೆ ತುಂಬುತ್ತಾರೆ. ಮಿಸ್ಟರ್ ರೂಸ್ ಹೊರಡುವ ಮುಂಚೆ ಇನ್ನೊಮ್ಮೆ ಪರದೆಯ ಮೇಲಿನ ಅದೇ ಸೊನ್ನೆಯ ಮುಂದೆ ನಿಂತಿದ್ದರು, "ಪರವಾಗಿಲ್ಲ" ಅಂದರು, ಅಷ್ಟೆ. ಈ ಸೀಮೆಯಲ್ಲಿ ಮದುವೆಯಾದ ದಿನವೂ ಜನ ಅದಕ್ಕಿಂತ ಹೆಚ್ಚಿನ ಮಾತಾಡುವುದಿಲ್ಲ. ಆದರೂ ಆರ್ಲಿಸ್‌ಗೆ ಸಮಾಧಾನವಿಲ್ಲ. ಪಡಸಾಲೆಗೂ ನೆಲಮಾಳಿಗೆಗೂ ತಿರುಗಾಟ ನಿಂತಿಲ್ಲ. ನಿಮಗೇನು ಆಸೆ ಎಂದು ಕೇಳಿದರೆ ಮೆಟ್ಟಿಲ ಮೇಲೆ ಒಂದು ಕ್ಷಣ ನಿಲ್ಲುತ್ತಾರೆ.

"ಮುಂದಿನ ವರ್ಷಾನೂ ಈ ಹುಡ್ಗೀರ ಅಂಗಿ ಒಗೀಬೇಕು. ಇನ್ನೇನಿದೆ? ಗಂಡುಡುಗ್ರದ್ದು ಒಗ್ದು ಒಗ್ದು ಸಾಕಾಗಿದೆ. ಅವ್ರು ಜೇಬಲ್ಲಿ ಕೋಳಿ ಮೂಳೆ ಬಿಟ್ಟಿರ್ತಾರೆ."

ಮಂಗಳವಾರ ಟೀಗನ್ ರೂಸ್ ವಿಂಕೆಲ್ ಕಾಲೇಜಿಗೆ ಸೇರುವುದಾಗಿ ತಿಳಿಸಿದಳು. ಕಾರಣ ಕೇಳಿದ್ದಕ್ಕೆ, ಇಲ್ಲಿನ ನರ್ಸಿಂಗ್ ಕೋರ್ಸು ಚೆನ್ನಾಗಿದೆ ಎಂದಳು. ಮುಂದಿನ ವರ್ಷದ ಮಹಿಳಾ ತಂಡದಲ್ಲಿ ಈಗ ಹನ್ನೆರಡು ಮಂದಿ ಇದ್ದಾರೆ.